ರೊಟ್ಟಿ ಅಂಗಡಿಯ ಬೋರ್ಡು ಎಷ್ಟು ದುಡಿಯಿತು

ಕೊಟ್ಟೂರಿನಲ್ಲಿ ಅಲ್ಲಿಯವರೆಗೆ ಯಾರೂ ಬೋರ್ಡನ್ನು ದುಡಿಮೆಗೆ ಹಚ್ಚಿದವರಲ್ಲ. ಬೋರ್ಡು ಅಂದರೆ ಅಂಗಡಿಯ ಮೇಲೆ ಇರುತ್ತದೆ, ಬಿಸಿಲಿಗೆ ಬಣ್ಣ ಬಿಡುತ್ತದೆ, ಅದರ ಹಿಂದೆ ಗುಬ್ಬಿ ಗೂಡು ಕಟ್ಟುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಬೋರ್ಡಿನಿಂದ ಬಯಸಿದ್ದಿಲ್ಲ. ಅಂಥ ಬೋರ್ಡನ್ನು ಹಿಡಿದು, ‘ನಿನ್ನಿಂದ ಎಷ್ಟು ಹುಟ್ಟಿತು ಹೇಳು’ ಎಂದು ಕೇಳಲು ಹೊರಟವನು ನಮ್ಮ ಶಿವಯೋಗಪ್ಪ ಒಬ್ಬನೇ. ನನ್ನ ಝೆರಾಕ್ಸ್ ಅಂಗಡಿ ಅವನ ಖಡಕ್ ರೊಟ್ಟಿ ಅಂಗಡಿಯ ಎದುರಿಗೇ ಇರುವುದರಿಂದ ಆ ಪ್ರಕರಣದ ಬಹುಪಾಲನ್ನು ಕುರ್ಚಿಯಿಂದ ಏಳದೆಯೇ ನೋಡಿದೆ. ಕರೆಂಟು ಹೋದಾಗ ನನಗೆ ಬೇರೆ ಕೆಲಸವೂ ಇರುವುದಿಲ್ಲ.

ಶಿವಯೋಗಪ್ಪ ಬಹಳ ಒಳ್ಳೆಯ ಮನುಷ್ಯ. ಒಂದೇ ಕೊರತೆ, ಐವತ್ತು ದಾಟಿದರೂ ತನ್ನ ಬುದ್ಧಿಯಿಂದ ಏನನ್ನೂ ನಿರ್ಧರಿಸಿದವನಲ್ಲ. ಮೊದಲು ಅಪ್ಪ ನಿರ್ಧರಿಸುತ್ತಿದ್ದರು. ಅಪ್ಪ ಹೋದ ಮೇಲೆ ಆ ಜವಾಬ್ದಾರಿ ಹಗರಿಬೊಮ್ಮನಹಳ್ಳಿಯ ಅಕ್ಕನಿಗೆ ಹೋಯಿತು. ಅಕ್ಕ ಅಂದರೆ ಗಿರಣಿ ಕಲ್ಯಾಣಮ್ಮ. ಹಿಟ್ಟಿನ ಗಿರಣಿ ಆಕೆಯದು, ಈ ರೊಟ್ಟಿ ಅಂಗಡಿಯಲ್ಲಿ ಅರ್ಧ ಪಾಲು ಆಕೆಯದು, ಶಿವಯೋಗಪ್ಪ ಯುಗಾದಿಗೆ ಯಾವ ಬಣ್ಣದ ಅಂಗಿ ಹೊಲಿಸಬೇಕು ಎನ್ನುವ ತೀರ್ಮಾನವೂ ಆಕೆಯದೇ.

ಇಂಥವನ ಅಂಗಡಿಗೆ ಒಂದು ದಿನ ಕೂಡ್ಲಿಗಿಯ ಕ್ರಾಂತಿ ಎಂಬ ಹುಡುಗಿ ಬಂದಳು. ಹುಬ್ಬಳ್ಳಿಯಲ್ಲಿ ಡಿಸೈನು ಓದಿಕೊಂಡು ಬಂದು, ಸುತ್ತಲಿನ ಅಂಗಡಿಗಳಿಗೆ ಬೋರ್ಡು, ಪ್ಯಾಕೆಟ್ಟು ಮಾಡಿಕೊಡುವ ಕೆಲಸ ಹಿಡಿದಿದ್ದಳು. ರೊಟ್ಟಿ, ಶೇಂಗಾ ಚಟ್ನಿ ತಿಂದು ಕೈ ತೊಳೆದು, ತಲೆ ಎತ್ತಿ ಬೋರ್ಡು ನೋಡಿದಳು. ಅದರಲ್ಲಿ ಮೂವರು ದೇವರು, ಇಬ್ಬರು ಸ್ವಾಮಿಗಳು, ತೀರಿಹೋದ ಅಪ್ಪನ ಮೊಬೈಲ್ ನಂಬರು ಎಲ್ಲ ಇದ್ದವು. ರೊಟ್ಟಿ ಮಾತ್ರ ಒಂದು ಮೂಲೆಯಲ್ಲಿತ್ತು.

“ಕಾಕಾ, ನಿಮ್ಮ ರೊಟ್ಟಿ ಭಾಳ ಛಲೋ ಅದಾವ. ಆದ್ರ ಬೋರ್ಡು ಅದನ್ನ ಹೇಳಂಗಿಲ್ಲ,” ಅಂದಳು.

“ಹಂಗಾರ ಹೇಳಂಗ ಮಾಡವ್ವ,” ಅಂದ ಶಿವಯೋಗಪ್ಪ.

ಅಕ್ಕನಿಗೆ ಒಂದು ಫೋನು ಸಹ ಮಾಡದೆ ಅಂದುಬಿಟ್ಟ. ಅವನ ಜೀವನದಲ್ಲಿ ಅದು ಇತಿಹಾಸ. ಆವತ್ತು ಇಡೀ ದಿನ ಅವನು ಗಲ್ಲಾದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ.

ಹೊಸ ಬೋರ್ಡು ಬಂತು. ಪೂರ್ತಿ ಕೆಮ್ಮಣ್ಣಿನ ಬಣ್ಣ, ನಡುವೆ ಅಂಚು ಚೂರು ಮುರಿದ ಒಂದು ಬಿಳಿ ರೊಟ್ಟಿ, ಕೆಳಗೆ ‘ಶಿವಯೋಗಿ ಖಡಕ್ ರೊಟ್ಟಿ’ ಎಂಬ ಮೂರು ಮಾತು. ರೊಟ್ಟಿ ತುಂಬಲು ಅದೇ ಬಣ್ಣದ ದುಂಡನೆಯ ರಟ್ಟಿನ ಡಬ್ಬಿಗಳೂ ಬಂದವು. ಡಬ್ಬಿಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಡೀ ಬಜಾರವೇ ಬೋರ್ಡಿನ ಕೆಳಗೆ ನಿಂತಿತು.

“ಉಳಿದದ್ದು ಯಾವಾಗ ಬರೀತಾರ?” ಅಂತ ಕಿರಾಣಿ ಅಂಗಡಿಯ ಸಿದ್ದಲಿಂಗ ಕೇಳಿದ.

“ಇಷ್ಟ ಅದು. ಪೂರ್ತಿ ಆಗೈತಿ,” ಅಂದ ಶಿವಯೋಗಪ್ಪ.

“ಮತ್ತ ರೊಟ್ಟಿ ಮುರುದೈತಲ್ಲ, ಇಲಿ ಕಡಿದೈತೇನು?”

“ಖಡಕ್ ಅಂತ ತೋರ್ಸಾಕ ಹಂಗ ಮಾಡ್ಯಾರ.”

“ಎಷ್ಟು ಕೊಟ್ಟಿ?”

“ಎಲ್ಲಾ ಸೇರಿ ನಲವತ್ತು ಸಾವಿರ.”

ಸಿದ್ದಲಿಂಗ ಬೋರ್ಡಿನ ಖಾಲಿ ಜಾಗವನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ನೋಡಿದ. ಏನೂ ಬರೆಯದ ಜಾಗಕ್ಕೆ ಅಷ್ಟು ದುಡ್ಡು ಕೊಟ್ಟವನನ್ನು ಅವನು ಕಂಡಿದ್ದು ಅದೇ ಮೊದಲು. ಸಂಜೆಯೊಳಗೆ ಸುದ್ದಿ ಹಗರಿಬೊಮ್ಮನಹಳ್ಳಿಗೆ ಮುಟ್ಟಿತು.

ಶಿವಯೋಗಪ್ಪನ ಮೊಬೈಲು ಕಿವಿಗೆ ಹಿಡಿದರೆ ಕೇಳಿಸುವುದಿಲ್ಲ, ಸ್ಪೀಕರಿಗೆ ಹಾಕಬೇಕು. ಹಾಗಾಗಿ ಅಕ್ಕನ ತೀರ್ಪು ನಮಗೆಲ್ಲ ಒಟ್ಟಿಗೇ ಸಿಕ್ಕಿತು.

“ಲೇ ಶಿವ್ಯಾ, ನಲವತ್ತು ಸಾವಿರಕ್ಕ ನನ್ನ ಗಿರಣಿಗೆ ಹೊಸಾ ಮೋಟಾರು ಬರ್ತಿತ್ತು. ಮೋಟಾರು ತಾಸಿಗೆ ಎಷ್ಟು ಬೀಸ್ತೈತಿ ಅಂತ ನಾ ಹೇಳ್ತೀನಿ. ನಿನ್ನ ಬೋರ್ಡು ಏನು ಬೀಸ್ತೈತಿ ಹೇಳು?”

“ಅಕ್ಕ, ಅದು... ಛಂದ ಕಾಣ್ತೈತಿ.”

“ಕಾಣಲಿ. ಬರೋ ಅಮಾಸಿಗೆ ನಾ ಬರ್ತೀನಿ. ಆ ಬೋರ್ಡು ಏನು ದುಡಿದೈತಿ ಅಂತ ತೋರ್ಸು. ತೋರ್ಸಲಿಲ್ಲ ಅಂದ್ರ ಗಲ್ಲಾದ ಮ್ಯಾಲೆ ನಮ್ಮ ಅರುಣ ಕುಂದ್ರತಾನ. ನೀ ಗಿರಣಿಗೆ ಬಂದು ಹಿಟ್ಟು ತೂಗು.”

ಅರುಣಕುಮಾರ ಅಂದರೆ ಅಕ್ಕನ ಮಗ. ಬಿ.ಕಾಂ. ಮಾಡಿಕೊಂಡು, ಯಾವ ಗಲ್ಲಾದ ಮೇಲೆ ಕೂರಲಿ ಎಂದು ಕಾಯುತ್ತಿದ್ದ ಹುಡುಗ. ಶಿವಯೋಗಪ್ಪನಿಗೋ ಆ ಗಲ್ಲಾ ಅಂದರೆ ಪ್ರಾಣ. ಬರುವವರಿಗೆ ನಮಸ್ಕಾರ ಹೇಳುವುದು, ಮಕ್ಕಳ ಕೈಗೆ ಒಂದು ತುಂಡು ರೊಟ್ಟಿ ಕೊಡುವುದು, ಚಿಲ್ಲರೆ ಇಲ್ಲದವರಿಗೆ ‘ನಾಳೆ ಕೊಡುವಿಯಂತ’ ಅನ್ನುವುದು, ಇದಿಷ್ಟೇ ಅವನು ಬಲ್ಲ ಸುಖ. ಹಿಟ್ಟಿನ ಧೂಳಿನಲ್ಲಿ ತಕ್ಕಡಿ ಹಿಡಿದು ನಿಂತ ಅವನನ್ನು ನೆನೆಸಿಕೊಂಡರೆ ನನಗೇ ಸಂಕಟವಾಯಿತು.

ಅವನು ಕ್ರಾಂತಿಗೆ ಫೋನು ಮಾಡಿದ. ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

“ಅಳೀಬಹುದು ಕಾಕಾ. ಗಿರಾಕಿ ಯಾಕ ಬಂದ್ರು ಅಂತ ತಿಳ್ಕೋರಿ. ಹೊಸಾ ಬೋರ್ಡು ನೋಡಿ ಬಂದೋರು ಎಷ್ಟು, ಹಳೇ ರೂಢಿಗೆ ಬಂದೋರು ಎಷ್ಟು, ಬ್ಯಾರೆ ಬ್ಯಾರೆ ಎಣಿಸ್ರಿ. ಬೇಕಂದ್ರ ಬೋರ್ಡು ಇದ್ದಾಗ, ಇಲ್ಲದಾಗ ವ್ಯಾಪಾರ ಹೆಂಗಿರ್ತೈತಿ ಅಂತಾನೂ ಹೋಲಿಸಿ ನೋಡ್ರಿ.”

ಶಿವಯೋಗಪ್ಪ ಗಲ್ಲಾದ ಮೇಲೆ ಎರಡು ತಗಡಿನ ಡಬ್ಬಿ ಇಟ್ಟ. ಬೋರ್ಡು ನೋಡಿ ಬಂದವರಿಗೆ ಕೆಂಪು ಡಬ್ಬಿ, ರೂಢಿಗೆ ಬಂದವರಿಗೆ ಹಸಿರು ಡಬ್ಬಿ. ಒಬ್ಬೊಬ್ಬರಿಗೆ ಒಂದೊಂದು ಹುಣಸೆಬೀಜ. ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಇನ್ನು ಕೇಳುವುದೊಂದೇ ಬಾಕಿ.

ಇಲ್ಲಿ ನಮ್ಮ ಸೀಮೆಯ ಒಂದು ರಿವಾಜು ಹೇಳಬೇಕು. ಹೊಸ್ತಿಲು ದಾಟಿ ಬಂದವರನ್ನು ನಾವು ಏನು ಬೇಕಾದರೂ ಕೇಳುತ್ತೇವೆ. ಮಳೆ ಆಯಿತೇ, ಸೊಸೆ ತವರಿನಿಂದ ಬಂದಳೇ, ಪಿತ್ತಕೋಶದ ಕಲ್ಲು ಕರಗಿತೇ, ಎಲ್ಲ ಕೇಳುತ್ತೇವೆ. ‘ಯಾಕ ಬಂದ್ರಿ’ ಎಂದು ಮಾತ್ರ ಕೇಳುವುದಿಲ್ಲ. ಕೂರಿಸಿ, ನೀರು ಕೊಟ್ಟು, ಊರ ಸುದ್ದಿ ಮುಗಿಸಿದ ಮೇಲೆ ಬಂದವರೇ ಏಳುವಾಗ ಬಂದ ಕೆಲಸ ಹೇಳಬೇಕು. ಬಾಗಿಲಲ್ಲೇ ‘ಯಾಕ ಬಂದ್ರಿ’ ಅಂದರೆ ಸಂಬಂಧ ಕಡಿದುಕೊಂಡ ಹಾಗೆ. ಅಷ್ಟು ಅಂದಿದ್ದಕ್ಕೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದ ಮನೆತನಗಳು ನಮ್ಮೂರಲ್ಲೇ ಇವೆ.

ಮೊದಲು ಬಂದವನು ಗುಡೇಕೋಟೆಯ ಮಂಜಣ್ಣ, ಟೆಂಪೊ ಓಡಿಸುವವನು. ನನಗೆ ಮೀಸೆ ಬಂದಾಗಿನಿಂದ ಅವನು ಅಲ್ಲಿಯೇ ರೊಟ್ಟಿ ಕೊಳ್ಳುತ್ತಿದ್ದಾನೆ.

“ಯಾಕ ಬಂದಿ ಮಂಜಣ್ಣ?” ಅಂದ ಶಿವಯೋಗಪ್ಪ, ಕೈಯಲ್ಲಿ ಹುಣಸೆಬೀಜ ಹಿಡಿದುಕೊಂಡು.

ಮಂಜಣ್ಣ ಮೆಟ್ಟಿಲ ಮೇಲೆಯೇ ನಿಂತ. “ಏನಂದ್ರಿ?”

“ಅಲ್ಲ, ಯಾಕ ಬಂದಿ ಅಂತ. ಖರೇ ಹೇಳು. ಬೋರ್ಡು ನೋಡಿ ಬಂದ್ಯೋ, ಸುಮ್ನ ಬಂದ್ಯೋ?”

“ಸುಮ್ನ ಬಂದೆ ಸಾವ್ಕಾರ. ತಪ್ಪಾತು,” ಅಂದ ಮಂಜಣ್ಣ. ಇಳಿದು ಟೆಂಪೊ ಹತ್ತಿ ಹೊರಟೇಬಿಟ್ಟ. ಶಿವಯೋಗಪ್ಪ ಹಸಿರು ಡಬ್ಬಿಗೆ ಒಂದು ಬೀಜ ಹಾಕಿದ. ಬಂದ ಗಿರಾಕಿ ರೊಟ್ಟಿ ಕೊಳ್ಳದೆ ಹೋದನೆಂಬುದು ಅವನಿಗೆ ಹೊಳೆದದ್ದು ಆಮೇಲೆ.

ಆಮೇಲೆ ರೊಟ್ಟಿ ಬಡಿಯುವ ಜಂಬಕ್ಕ ಬುಟ್ಟಿ ಹೊತ್ತು ಬಂದಳು. ಲೆಕ್ಕದಲ್ಲಿ ಯಾರೂ ತಪ್ಪಬಾರದೆಂದು ಆಕೆಯನ್ನೂ ಕೇಳಿದ.

“ಜಂಬಕ್ಕ, ನೀ ಯಾಕ ಬಂದಿ?”

ಜಂಬಕ್ಕ ಬುಟ್ಟಿ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಯಾಕ ಬಂದೆ ಅನ್ನೋದು ನಿಮಗ ಗೊತ್ತಿಲ್ಲೇನ್ರಿ? ಆತು ತಗೋರಿ, ಇನ್ಮ್ಯಾಲೆ ಬರಂಗಿಲ್ಲ,” ಎಂದು ಖಾಲಿ ಕೈಯಲ್ಲಿ ಮನೆಗೆ ಹೋದಳು. ಆಕೆಯನ್ನು ಸಮಾಧಾನ ಮಾಡಿ ಕರೆತರಲು ಶಿವಯೋಗಪ್ಪನ ಹೆಂಡತಿ ಭಾಗ್ಯ ಒಂದು ಕುಪ್ಪಸದ ಖಣ ಕೊಡಬೇಕಾಯಿತು.

ವಾರ ಕಳೆಯುವುದರೊಳಗೆ ಶಿವಯೋಗಪ್ಪನಿಗೆ ಸೊಕ್ಕು ಬಂದಿದೆ ಎಂದು ಊರೆಲ್ಲ ಮಾತಾಯಿತು. ಬೋರ್ಡಿನ ಮೇಲೆ ಊರಿನ ಹೆಸರು ಇಲ್ಲದ್ದು ನೋಡಿ, ಅಂಗಡಿಯನ್ನು ದಾವಣಗೆರೆಯ ಯಾರಿಗೋ ಮಾರಿದ್ದಾನೆ ಎಂದರು. ಹಳೇ ಗಿರಾಕಿಗಳನ್ನು ಓಡಿಸಲೆಂದೇ ಹಾಗೆ ಕೇಳುತ್ತಿದ್ದಾನೆ ಎಂದರು. ಒಳಗೆ ರೇಟು ಜಾಸ್ತಿಯಂತೆ, ಚಪ್ಪಲಿ ಬಿಟ್ಟು ಹೋಗಬೇಕಂತೆ ಎಂದೂ ಯಾರೋ ಸೇರಿಸಿದರು. ಬಂದವರು ಒಬ್ಬಿಬ್ಬರು ನಿಜಕ್ಕೂ ಚಪ್ಪಲಿ ಬಿಟ್ಟು ಹೋದದ್ದನ್ನು ನಾನೇ ನೋಡಿದೆ. ಕೆಂಪು ಡಬ್ಬಿ ಖಾಲಿಯೇ ಇತ್ತು.

ಹೀಗಿರುವಾಗ ಒಬ್ಬ ಹೊಸ ಮನುಷ್ಯ ಬಂದು ರಸ್ತೆಯ ಮೇಲೆ ನಿಂತು ಬೋರ್ಡನ್ನೇ ಬಹಳ ಹೊತ್ತು ನೋಡಿದ. ಶಿವಯೋಗಪ್ಪ ಗಲ್ಲಾದಿಂದ ಅರ್ಧ ಎದ್ದ.

“ಬರ್ರಿ ಬರ್ರಿ. ಯಾಕ ಬಂದ್ರಿ? ಬೋರ್ಡು ನೋಡಿ ಬಂದ್ರೇನು?”

“ಹೌದ್ರಿ, ಬೋರ್ಡು ನೋಡೇ ಬಂದೆ,” ಅಂದ ಆ ಮನುಷ್ಯ.

ಶಿವಯೋಗಪ್ಪನ ಕಣ್ಣಲ್ಲಿ ನೀರು ಬಂತು. ಕುರ್ಚಿ ಹಾಕಿದ, ನನ್ನ ಕಡೆ ತಿರುಗಿ “ಪಾಲಣ್ಣ, ಎರಡು ಚಾ ಹೇಳು” ಎಂದು ಕೂಗಿದ. ಒಂದು ಡಬ್ಬಿ ರೊಟ್ಟಿ, ಮೇಲೆ ಚಟ್ನಿಪುಡಿ ಕಟ್ಟಿ ಕೈಗಿಟ್ಟ. ಕೆಂಪು ಡಬ್ಬಿಗೆ ಮೊದಲ ಬೀಜ ಬಿತ್ತು. ಬೋರ್ಡಿನಲ್ಲಿ ಏನು ಇಷ್ಟವಾಯಿತು ಎಂದು ಕೇಳಿದ.

“ಸೈಜು. ಭಾಳ ದೊಡ್ಡದೈತಿ,” ಅಂದ ಆತ ಚಹಾ ಮುಗಿಸಿ. “ನಾನು ಪಂಚಾಯ್ತಿಯಿಂದ ರಾಮಾಂಜನೇಯ ಅಂತ. ಹೊಸಾ ಬೋರ್ಡಿಗೆ ತೆರಿಗಿ ಕಟ್ಟಿಲ್ಲ ನೀವು. ಟೇಪು ತಂದೀನಿ, ಸ್ವಲ್ಪ ಏಣಿ ಕೊಡ್ರಿ.”

ಬೋರ್ಡು ನೋಡಿ ಬಂದ ಏಕೈಕ ಮನುಷ್ಯ ತೆರಿಗೆ ಬರೆದುಕೊಂಡು ಹೋದ. ಆ ಬೀಜವನ್ನು ಹೊರಗೆ ತೆಗೆಯಬೇಕೋ ಬೇಡವೋ ಎಂದು ಶಿವಯೋಗಪ್ಪ ನನ್ನನ್ನು ಕೇಳಿದ. ಇರಲಿ ಬಿಡು ಅಂದೆ. ಹೇಳಿದ ಮಾತು ಸುಳ್ಳಲ್ಲವಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಶಿವಯೋಗಪ್ಪ ಅನ್ನ ಬಿಟ್ಟ. ಕ್ರಾಂತಿಯ ಎರಡನೆಯ ಮಾತು ಆಗ ಅವನಿಗೆ ನೆನಪಾಯಿತು, ಬೋರ್ಡು ಇಲ್ಲದಾಗ ವ್ಯಾಪಾರ ಹೇಗಿರುತ್ತದೆ ಎಂದು ನೋಡಬೇಕು. ಬಿಚ್ಚಿ ಇಳಿಸುವುದು ದೊಡ್ಡ ಕೆಲಸ. ಮನೆಯಿಂದ ಒಂದು ಬಿಳಿ ಧೋತರ ತಂದು ಏಣಿ ಹತ್ತಿ ಬೋರ್ಡಿಗೆ ಮುಚ್ಚಿ ಕಟ್ಟಿದ. ನಾನು ಆ ದಿನ ಮಷೀನಿನ ಸಾಮಾನು ತರಲು ಹರಪನಹಳ್ಳಿಗೆ ಹೋಗಿದ್ದೆ. ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ನಮ್ಮೂರಲ್ಲಿ ಬೋರ್ಡಿಗೆ ಬಟ್ಟೆ ಮುಚ್ಚುವುದು ಎರಡೇ ಕಾರಣಕ್ಕೆ, ಎಲೆಕ್ಷನ್ ಬಂದಾಗ, ಇಲ್ಲ ಮನೆಯಲ್ಲಿ ಸಾವಾದಾಗ. ಎಲೆಕ್ಷನ್ ಯಾವುದೂ ಇರಲಿಲ್ಲ.

ಮೊದಲು ನೋಡಿದವಳು ಜಂಬಕ್ಕ. ಸಿಟ್ಟೆಲ್ಲ ಮರೆತು ಏಣಿಯ ಕೆಳಗೆ ಬಂದಳು.

“ಏನಾತ್ರಿ ಸಾವ್ಕಾರ್ರ? ಮುಖ ಯಾಕ ಹಿಂಗ ಆಗೈತಿ?”

ಶಿವಯೋಗಪ್ಪ ಬಾಯಲ್ಲಿ ಹಗ್ಗ ಕಚ್ಚಿಕೊಂಡಿದ್ದ. ಹಗ್ಗ ತೆಗೆದು “ಅಕ್ಕ...” ಅಂದ. ಅಮಾವಾಸ್ಯೆಗೆ ಬರುವ ಅಕ್ಕನನ್ನು ನೆನೆದು ಮಾತು ಅಲ್ಲಿಗೇ ಬಿಟ್ಟ. ಕೈ ಆಡಿಸಿ ಮತ್ತೆ ಹಗ್ಗ ಕಚ್ಚಿಕೊಂಡ. ಜಂಬಕ್ಕ ಬಾಯಿಗೆ ಸೆರಗು ಹಿಡಿದು ಓಡಿದಳು.

ಮಧ್ಯಾಹ್ನದೊಳಗೆ ಗಿರಣಿ ಕಲ್ಯಾಣಮ್ಮ ತೀರಿಕೊಂಡಳೆಂದು ಕೊಟ್ಟೂರು ನಂಬಿತು. ಹಾಗಾದರೆ ತಮ್ಮನಾದವನು ಅಂಗಡಿಯಲ್ಲಿ ಯಾಕೆ ಕೂತಿದ್ದಾನೆ ಎಂದು ಕೆಲವರು ಸಂಶಯಪಟ್ಟರು. ಮಣ್ಣು ಮುಗಿಸಿಕೊಂಡು ಬಂದಿರಬೇಕು ಎಂದು ಸಿದ್ದಲಿಂಗ ಉತ್ತರ ಕೊಟ್ಟ. ವಾರದಿಂದ ಅವನು ಬಂದವರಿಗೆಲ್ಲ ‘ಯಾಕ ಬಂದ್ರಿ’ ಅಂದದ್ದಕ್ಕೂ ಈಗ ಅರ್ಥ ಸಿಕ್ಕಿತು. ಪಾಪ, ಅಕ್ಕ ಆಸ್ಪತ್ರೆಯಲ್ಲಿದ್ದಳು, ಇವನ ಬುದ್ಧಿ ನೆಟ್ಟಗಿರಲಿಲ್ಲ, ನಾವೇ ತಪ್ಪು ತಿಳಿದೆವು ಎಂದು ಊರಿಗೆ ಊರೇ ಮರುಗಿತು.

ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಾತಾಡಿಸಲು ಹೋಗುವವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಬೇಕು. ಈಗ ಮನೆಯಲ್ಲಿ ಅಷ್ಟು ರೊಟ್ಟಿ ಯಾರು ಬಡಿಯುತ್ತಾರೆ, ಕೊಂಡು ಒಯ್ಯುತ್ತಾರೆ. ಸತ್ತವಳ ತಮ್ಮನದೇ ಅಂಗಡಿ ಇರುವಾಗ ಇನ್ನೊಬ್ಬರ ಹತ್ತಿರ ಕೊಳ್ಳುವುದು ಮರ್ಯಾದೆಯೂ ಅಲ್ಲ. ಹೀಗಾಗಿ ಜನ ಸಾಲು ಹಚ್ಚಿದರು.

“ಯಾಕ ಬಂದ್ರಿ? ಬೋರ್ಡು ನೋಡಿ ಬಂದ್ರೇನು?” ಎಂದು ಅವನು ಒಬ್ಬೊಬ್ಬರನ್ನೂ ಕೇಳಿದ.

“ಹೌದಪ್ಪ, ಬೋರ್ಡು ನೋಡೇ ಬಂದ್ವಿ,” ಅಂದರು ಅವರು, ಮೆಲ್ಲಗೆ. ದುಃಖದಲ್ಲಿರುವವನ ಮುಂದೆ ಸಾವಿನ ಮಾತು ಎತ್ತುವುದು ಹೇಗೆ? “ನೋಡಿದ ಕೂಡ್ಲೆ ಕರುಳು ಚುರ್ ಅಂತು ನೋಡು.”

ಅವನು ಕ್ರಾಂತಿಗೆ ಫೋನು ಮಾಡಿ “ನಿನ್ನ ಬೋರ್ಡು ಮಂದಿ ಕರುಳಿಗೇ ಮುಟ್ಟೈತವ್ವ. ಮುಚ್ಚಿಟ್ರೂ ಕೆಲಸ ಮಾಡ್ತೈತಿ” ಅಂದನಂತೆ. ಮುಚ್ಚಿದ ಮೇಲೆ ವ್ಯಾಪಾರ ಏರಿದರೆ ಅದು ಡಿಸೈನಿಗೆ ಒಳ್ಳೆಯ ಸುದ್ದಿಯಲ್ಲ ಎಂದು ಹೇಳಲು ಆ ಹುಡುಗಿಗೆ ಧೈರ್ಯ ಬರಲಿಲ್ಲವಂತೆ. ಇದನ್ನು ಆಮೇಲೆ ಆಕೆಯೇ ನನಗೆ ಹೇಳಿದಳು.

ಮರುದಿನ ನಾನು ಹರಪನಹಳ್ಳಿಯಿಂದ ಬಂದು ಇಳಿದಾಗ ಬಸ್‌ಸ್ಟ್ಯಾಂಡಿನಲ್ಲೇ ಮೂವರು ಸುದ್ದಿ ಹೇಳಿದರು. ನಾನೂ ನಂಬಿದೆ. ಅಂಗಡಿಗೆ ಹೋಗಿ ಅವನ ಕೈ ಹಿಡಿದುಕೊಂಡೆ. “ಬೋರ್ಡು ನೋಡಿದ್ಯೇನು?” ಅಂದ. “ನೋಡಿದೆ” ಅಂದೆ. ನನ್ನ ಹೆಸರಿಗೂ ಒಂದು ಬೀಜ ಕೆಂಪು ಡಬ್ಬಿಗೆ ಬಿತ್ತು. ಅವನ ಮುಖದಲ್ಲಿ ನಗು ಕಂಡು, ದುಃಖ ಹೆಚ್ಚಾದರೆ ಹೀಗೂ ಆಗುತ್ತದೆ ಅಂದುಕೊಂಡೆ. ಒಂದು ಡಬ್ಬಿ ರೊಟ್ಟಿ ಕೊಂಡು ಮಂಜಣ್ಣನ ಟೆಂಪೊ ಹತ್ತಿದೆ. ಟೆಂಪೊದಲ್ಲಿ ಆಗಲೇ ಅರ್ಧ ಬಜಾರ ಕೂತಿತ್ತು, ಎಲ್ಲರ ತೊಡೆಯ ಮೇಲೂ ಕೆಮ್ಮಣ್ಣು ಬಣ್ಣದ ಡಬ್ಬಿ.

ಹಗರಿಬೊಮ್ಮನಹಳ್ಳಿಯಲ್ಲಿ ಗಿರಣಿಯ ಮುಂದೆ ಜಂಬಕ್ಕ ಮೊದಲು ಇಳಿದಳು. ಇಳಿಯುತ್ತಲೇ ಹಾಡಿಕೊಂಡು ಅಳಲು ಶುರುಮಾಡಿದಳು. ತೂಕದಲ್ಲಿ ಎಂದೂ ಮೋಸ ಮಾಡದ ತಾಯಿ, ಬಡವರ ಕಾಳು ಮೊದಲು ಬೀಸಿ ಕೊಟ್ಟ ತಾಯಿ, ಹೇಳದೆ ಹೋದೆಯಲ್ಲ ಎಂದು ಒಂದೊಂದೇ ಗುಣ ತೆಗೆದು ಅತ್ತಳು. ಆ ತಾಯಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಬೆಳಗಿನಿಂದ ಬಂದ ಬುತ್ತಿಯ ಡಬ್ಬಿಗಳು ಆಕೆಯ ಪಕ್ಕದಲ್ಲಿ ಎದೆಮಟ್ಟ ಏರಿದ್ದವು. ಮಗ ಅರುಣಕುಮಾರ ಅತ್ತವರಿಗೆಲ್ಲ ನೀರು ಕೊಟ್ಟು ಕೊಟ್ಟು ಸುಸ್ತಾಗಿದ್ದ.

“ಅಳು, ನಿಲ್ಲಿಸಬ್ಯಾಡ,” ಅಂದಳು ಕಲ್ಯಾಣಮ್ಮ. “ಮುಂಜಾನೆ ಮಾಗಳ ಊರೋರು ಬಂದಿದ್ರು, ಇಷ್ಟು ಛಲೋ ಅಳಲಿಲ್ಲ.”

ಜಂಬಕ್ಕ ಆಕೆಯನ್ನು ನೋಡಿ ಅಲ್ಲೇ ಕೂತುಬಿಟ್ಟಳು. ನಾವೆಲ್ಲ ಡಬ್ಬಿ ಹಿಡಿದುಕೊಂಡು, ಒಳಗೆ ಹೋಗಬೇಕೋ ವಾಪಸ್ಸಾಗಬೇಕೋ ತಿಳಿಯದೆ ನಿಂತೆವು. ಅಷ್ಟರಲ್ಲಿ ಕೊಟ್ಟೂರು ಬಸ್ಸಿನಿಂದ ಶಿವಯೋಗಪ್ಪ ಇಳಿದ. ಬಗಲಲ್ಲಿ ಹುಣಸೆಬೀಜದ ಕೆಂಪು ಡಬ್ಬಿ, ಮುಖದ ತುಂಬ ನಗು.

“ಅಕ್ಕ, ಅಮಾಸಿತನಕ ಕಾಯೋದು ಬ್ಯಾಡ ಅಂತ ನಾನ ಬಂದೆ. ಬೋರ್ಡಿನ ದುಡಿಮಿ ತಂದೀನಿ ನೋಡು, ಡಬ್ಬಿ ತುಂಬೈತಿ,” ಅಂದ. ಆಮೇಲೆ ಜನರನ್ನು ನೋಡಿದ, ಅತ್ತು ಕೆಂಪಾದ ಕಣ್ಣುಗಳನ್ನು ನೋಡಿದ. ನಗು ಇಳಿಯಿತು. “ಯಾಕ ಎಲ್ಲಾರೂ ಅಳಾಕ ಹತ್ಯಾರ? ಯಾರು ಹೋದ್ರು?”

“ನಾನ,” ಅಂದಳು ಅಕ್ಕ.

ಅರ್ಥವಾಗಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಜಂಬಕ್ಕ ಧೋತರದ ಮಾತು ಹೇಳಿದಳು, ಮಂಜಣ್ಣ ಬುತ್ತಿಯ ಮಾತು ಹೇಳಿದ, ನಾನು ಕೆಮ್ಮಿದೆ. ಶಿವಯೋಗಪ್ಪ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, ಅಕ್ಕನ ಕಾಲಿನ ಹತ್ತಿರ ಕೂತ.

“ಹಂಗಾರ ಇವು ಬೋರ್ಡಿನ ಬೀಜ ಅಲ್ಲ ಅಕ್ಕ. ನಿನ್ನವು. ಎಲ್ಲಾರೂ ನಿನಗಂತ ಬಂದಾರ,” ಅಂದ. “ಬೋರ್ಡು ಏನು ದುಡಿದೈತಿ ಅಂತ ನನಗ ಖರೇನ ಗೊತ್ತಾಗಲಿಲ್ಲ. ಕೇಳಾಕ ಹೋಗಿ ಮಂದೀನ ಕಳಕೊಂಡೆ.”

ಉಡಿದಾರಕ್ಕೆ ಕಟ್ಟಿದ ಗಲ್ಲಾದ ಕೀಲಿಯನ್ನು ಬಿಚ್ಚಿ ಅರುಣಕುಮಾರನ ಕಡೆ ಚಾಚಿದ. ಅಲ್ಲಿ ನಿಂತ ಯಾರಿಗೂ ಅದನ್ನು ನೋಡಲು ಮನಸ್ಸಾಗಲಿಲ್ಲ. ಅರುಣಕುಮಾರ ಕೈ ಮುಂದೆ ಮಾಡಿದ.

“ಕೈ ಇಳಿಸು,” ಅಂದಳು ಅಕ್ಕ ಮಗನಿಗೆ. “ಮೊದಲು ಇವರಿಗೆ ಉಣ್ಣಾಕ ನೀಡು. ಹೊತ್ತು ಏರೈತಿ. ನಾ ಸತ್ತಿಲ್ಲ ಅಂತ ಹಸದ ಹೊಟ್ಟಿಲೆ ಕಳಸಾಕ ಬರ್ತೈತೇನು?”

ಬುತ್ತಿಯ ಡಬ್ಬಿಗಳನ್ನು ಬಿಚ್ಚಿದರು. ಅಕ್ಕ ಒಂದು ಡಬ್ಬಿಯಿಂದ ರೊಟ್ಟಿ ತೆಗೆದು ಬೆಳಕಿಗೆ ಹಿಡಿದಳು. ಇನ್ನೊಂದು ಡಬ್ಬಿ ತೆಗೆಸಿದಳು, ಮತ್ತೊಂದು ತೆಗೆಸಿದಳು. ಮಂಜಣ್ಣನ ಟೆಂಪೊದಲ್ಲಿ, ಆ ರಸ್ತೆಯಲ್ಲಿ, ಮನುಷ್ಯರ ಎಲುಬೇ ಸಡಿಲಾಗಿದ್ದವು. ಒಳಗಿನ ರೊಟ್ಟಿ ಒಂದೂ ಮುರಿದಿರಲಿಲ್ಲ.

“ಲೇ ಶಿವ್ಯಾ. ಇಷ್ಟು ವರ್ಷ ನೀ ಪೇಪರಿನ್ಯಾಗ ಕಟ್ಟಿ ಕಳಿಸಿದ ರೊಟ್ಟಿ ನಾ ಚಮಚದಾಗ ತಿಂದೀನಿ. ಈ ಡಬ್ಬಿ ಯಾರು ಮಾಡ್ಯಾರ?”

“ಅದೂ ಆ ಹುಡುಗೀನ ಅಕ್ಕ. ಆ ನಲವತ್ತರಾಗ ಬಂತು.”

“ಇದನ್ನ ಎಣಿಸಿದ್ದಿಲ್ಲೇನು?”

“ನೀ ಬೋರ್ಡಿಂದಷ್ಟ ಕೇಳಿದ್ದಿಯಲ್ಲ.”

ಅಕ್ಕ ರೊಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಅಂಗಳ ನೋಡಿದಳು. ಕೊಟ್ಟೂರಿನವರು, ಕೋಗಳಿಯವರು ಸಾಲಾಗಿ ಕೂತು ಉಣ್ಣುತ್ತಿದ್ದರು. ಜಂಬಕ್ಕ ಚಟ್ನಿ ಬಡಿಸುತ್ತಿದ್ದಳು.

“ಇವರೆಲ್ಲಾ ಗಿರಣಿ ಮುಂದನ ದಿನಾ ಬಸ್ಸಿನ್ಯಾಗ ಹೋಗ್ತಾರ,” ಅಂದಳು ಮೆಲ್ಲಗೆ. “ಅತ್ತೋರು ಒಬ್ರೂ ಇಷ್ಟು ದಿನ ಒಳಗ ಬಂದು ಕುಂತೋರಲ್ಲ.”

ಕೀಲಿಯನ್ನು ತಮ್ಮನ ಕೈಯೊಳಗೆ ಇಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿದಳು.

“ಆ ಹುಡುಗೀನ ನಾಳೆ ಕರಕೊಂಡು ಬಾ. ಗಿರಣಿಗೂ ಒಂದು ಬೋರ್ಡು ಆಗಲಿ. ಕಲ್ಯಾಣಮ್ಮ ಅಂತ ನನ್ನ ಹೆಸರು ದೊಡ್ಡದಾಗಿ ಬರೀಲಿ. ರಸ್ತ್ಯಾಗ ಹೋಗೋರಿಗೆ ನಾ ಇಲ್ಲೇ ಅದೀನಿ ಅಂತ ಗೊತ್ತಾಗಬೇಕು.”

“ಯವ್ವಾ, ಎಷ್ಟಾಗ್ತೈತಿ ಅಂತ ಮೊದಲ ಕೇಳಬೇಕಲ್ಲ?” ಅಂದ ಅರುಣಕುಮಾರ.

“ಕೇಳಬ್ಯಾಡ,” ಅಂದಳು ಕಲ್ಯಾಣಮ್ಮ, ರೊಟ್ಟಿ ಮುರಿಯುತ್ತ.